ಅಕ್ಕಿ ಡ್ರಮ್ಮಿನ ಬಂಗುಡೆ

ಉಪ್ಪುಂದದ ಚಂದ್ರಮತಿಯ ಒಣಮೀನಿಗೆ ಎರಡು ಶತ್ರುಗಳು: ಒಂದು ಬೆಕ್ಕು, ಇನ್ನೊಂದು ಪಕ್ಕದ ಮನೆ ಗಿರಿಜಾ. ಬೆಕ್ಕು ಕದ್ದು ತಿನ್ನುತ್ತದೆ, ಓಡಿಸಬಹುದು. ಗಿರಿಜಾ ಕೇಳಿ ತಿನ್ನುತ್ತಾಳೆ. ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ?

ಬೋಟುಗಳು ದಡದಲ್ಲಿ ಮಲಗಿ, ಹಸಿಮೀನು ಕಣ್ಣಿಗೂ ಬೀಳದ ಮಳೆಗಾಲಕ್ಕೆಂದೇ ಚಂದ್ರಮತಿ ಬಂಗುಡೆ ಸೀಳಿ, ಉಪ್ಪು ಹಚ್ಚಿ, ಬಾಗಿಸಿದರೆ ಲಟಕ್ಕನೆ ಮುರಿಯುವ ತನಕ ಒಣಗಿಸುತ್ತಿದ್ದಳು. ಬಿಸಿ ಆರದೆ ಕಟ್ಟಿದರೆ ಬೆವರುತ್ತದೆ. ಬೆವರಿತೋ, ಬೂಸ್ಟು ಹಿಡಿಯಿತೆಂದೇ ಲೆಕ್ಕ.

ಈ ಸಲ ಬಂಗುಡೆಗೆ ಸಿಕ್ಕಿದ್ದು ಮಂತ್ರಿಗಳಿಗೂ ಸಿಗದ ಭದ್ರತೆ. ಚೆನ್ನಾಗಿ ಆರಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೀರಿಹೋದ ಗಂಡನ ಚೌಕುಳಿ ಲುಂಗಿಯಲ್ಲಿ ಗಂಟುಕಟ್ಟಿ, ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಳು. (ಬದುಕಿದ್ದಾಗ ಏನನ್ನೂ ಕಾಯದ ಮನುಷ್ಯ, ಈಗಲಾದರೂ ಕಾಯಲಿ.) ಸೊಸೆ ರಮಿತಾಗೂ ಹೇಳಲಿಲ್ಲ. ಡ್ರಮ್ಮಿಗಿದ್ದ ಮುಚ್ಚಳ ಸೊಸೆಯ ಬಾಯಿಗಿರಲಿಲ್ಲ.

ಆ ವಾರವೇ ದೇವಸ್ಥಾನದ ಹೊರೆಕಾಣಿಕೆಗೆ ಮನೆಮನೆಯ ಅಕ್ಕಿ ಒಯ್ಯಲು ಪಿಕಪ್ ಬಂತು. ಗಿರಿಜಾ ಆಗಲೇ ಒಂದು ಚೀಲ ಹೊತ್ತು ತರುತ್ತಿದ್ದಳು.

"ಅತ್ತೆ, ಎಷ್ಟ್ ಅಕ್ಕಿ ಕೊಡುದ್?" ರಮಿತಾ ಒಳಗಿನಿಂದ ಕೇಳಿದಳು.

"ಎಷ್ಟ್ ಅಂತ ಎಂತ ಕೇಂತೆ? ಡ್ರಮ್ಮೇ ಮಗ್ಚ್! ದೇವ್ರ್ ಕೊಟ್ಟದ್ ದೇವ್ರಿಗೆ!" ಚಂದ್ರಮತಿ ಗಿರಿಜಾಗೆ ಕೇಳುವಂತೆ ಘೋಷಿಸಿದಳು.

ಡ್ರಮ್ಮು ಚೀಲದ ಬಾಯಿಗೇ ಬೋರಲಾಗಿ ಮಗುಚಿತು, ಚೀಲ ತುಂಬಿತು, ಪಿಕಪ್ ಚೆಂಡೆ ಬಡಿಸಿಕೊಂಡು ಹೊರಟಿತು. ಚಂದ್ರಮತಿಗೆ ಬಂಗುಡೆ ನೆನಪಾದದ್ದು ಮಧ್ಯಾಹ್ನ, ಗಂಜಿಯ ಮುಂದೆ ಕುಳಿತಾಗ.

ಕೈತೊಳೆಯದೆ ಓಡಿದಳು. ದೇವಸ್ಥಾನದ ಉಗ್ರಾಣದ ಹೊರಗೆ ಜನ ಸೇರಿದ್ದರು. ಸಮಿತಿಯ ಸುಶಾಂತ್ ಲುಂಗಿಗಂಟನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿದಿದ್ದ.

"ಹ್ವಾಯ್, ಈ ಮೀನ್ ಗಂಟ್ ಯಾರ್ದ್? ಯಾರ್ದೋ ಅವ್ರ್ ಅಕ್ಕಿ ಸಮೇತ ತಕಂಡ್ ಹೋಯ್ನಿ!"

"ಅಕ್ಕ, ಇದ್ ಅಣ್ಣಯ್ಯನ ಲುಂಗಿ ಅಲ್ದಾ?" ಗುಂಪಿನಲ್ಲಿದ್ದ ಗಿರಿಜಾ ಮೆಲ್ಲನೆ ಕೇಳಿದಳು.

"ಥೋ! ದೇವ್ರ್ ಅಕ್ಕಿಗ್ ಮೀನ್ ಹಾಕುಕೆ ನಂಗೆ ಮಂಡೆ ಸಮ ಇಲ್ಯಾ? ನಂದಲ್ಲ!" ಚಂದ್ರಮತಿ ಗರ್ಭಗುಡಿಯ ಕಡೆ ತಿರುಗಿ ಕೈಮುಗಿದಳು.

"ಹಂಗಾರ್ ನಂದೇ," ಎಂದಳು ಗಿರಿಜಾ, ನಾಚಿಕೆಯ ಸುಳಿವೂ ಇಲ್ಲದೆ. "ಮರ್ತೇ ಹೋಯಿತ್ ಕಾಣಿ. ಸುಶಾಂತ, ಆ ಚೀಲ ರಿಕ್ಷಾಕ್ ಹಾಕ್."

ಮೊದಲ ಮಳೆ ಹೊಯ್ದ ಸಂಜೆ ಬೇಲಿಯಾಚೆಯಿಂದ ಬಂಗುಡೆ ಸುಡುವ ಪರಿಮಳ ಬಂತು. ಬೂಸ್ಟಿನ ವಾಸನೆ ಚೂರೂ ಇಲ್ಲವೆಂದು ಚಂದ್ರಮತಿಯ ಮೂಗು ಹೆಮ್ಮೆಪಡುತ್ತಿರುವಾಗಲೇ ಗಿರಿಜಾ ತಟ್ಟೆ ಮುಚ್ಚಿಕೊಂಡು ಬಂದಳು.

"ತಕಣಿ ಅಕ್ಕ, ಒಂದ್ ಬಂಗ್ಡಿ. ನಿಮ್ಗ್ ಬೇಕಾರೆ ಕೇಣಿ, ನಾಚ್ಕಿ ಎಂತಕೆ? ಉಪ್ಪ್ ಮಾತ್ರ ನಂಗ್ ಒಂಚೂರ್ ಹೆಚ್ಚಾಯಿತ್."

ಉಪ್ಪು ಹದವಾಗಿಯೇ ಇತ್ತು. ಅದನ್ನೂ ಹೇಳುವ ಹಾಗಿರಲಿಲ್ಲ.