ಮಾಷ್ಟ್ರ ಇಪ್ಪತ್ತು ನಿಮಿಷ

ಪಿಟೀಲು ಹಿಡಿದವನ ಮಾನ ಕೇಳುವವರ ಕೈಯಲ್ಲಿರುತ್ತದೆ. ನಮ್ಮದಂತೂ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಊರೂರಲ್ಲಿ ಹೋಗಿದೆ.

ಐವತ್ತರ ದಶಕದ ಕೊನೆ. ನಾನು ಬಂಟ್ವಾಳದಲ್ಲಿ ಅಂಚೆ ಗುಮಾಸ್ತ. ಸಂಜೆಗೆ ಇಗರ್ಜಿಯ ಸಂಗೀತದ ಮಾಷ್ಟ್ರ ತಂಡದಲ್ಲಿ ಪಿಟೀಲು. ಒಟ್ಟು ಏಳು ಪಿಟೀಲು, ಮತ್ತೆ ಅದರ ದೊಡ್ಡಣ್ಣನಂಥ ಒಂದು ಸೆಲ್ಲೊ. ಈ ಎಂಟು ತಂತಿವಾದ್ಯಗಳಿಗೆಂದೇ ಮಾಷ್ಟ್ರು ನಾಲ್ಕು ವರ್ಷ ಕೂತು ಹೊಸ ರೀತಿಯ ಸಂಗೀತ ಬರೆದರು. ಹಾಡಿಲ್ಲ, ತಬಲವಿಲ್ಲ, ಇಪ್ಪತ್ತು ನಿಮಿಷ. "ಜನರ ಎದುರು ಒಮ್ಮೆ ಕೊನೆಯವರೆಗೆ ಬಾರಿಸಿದರೆ ಸಾಕು ಮಾರಾಯ, ಮತ್ತೆ ನನಗೇನೂ ಬೇಡ" ಎನ್ನುತ್ತಿದ್ದರು. ಆ ಒಮ್ಮೆಯೇ ಕಷ್ಟವಾಯಿತು.

೧. ಬಂಟ್ವಾಳ

ಶಾಲೆಯ ವಾರ್ಷಿಕೋತ್ಸವ. ಐದನೇ ನಿಮಿಷದಲ್ಲಿ ಎಲ್ಲರೂ ಕಮಾನು ಎತ್ತಿ ತುಸು ಹೊತ್ತು ಸುಮ್ಮನಿರಬೇಕು, ಮಾಷ್ಟ್ರು ಬರೆದದ್ದೇ ಹಾಗೆ. ನಾವು ಸುಮ್ಮನಾದದ್ದೇ ತಡ, ಅಧ್ಯಕ್ಷರು ಎದ್ದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು.

"ಇನ್ನೂ ಉಂಟು" ಎಂದರು ಮಾಷ್ಟ್ರು ಮೆಲ್ಲಗೆ.

ಅಧ್ಯಕ್ಷರು ಅವರ ಕೊರಳಿಗೆ ಹಾರ ಹಾಕಿದರು. "ಬೇಡ ಬೇಡ, ಈಗಲೇ ತುಂಬಾ ಬಳಲಿದ್ದೀರಿ."

೨. ಬೆಳ್ತಂಗಡಿ

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವಾಗ ನಾವೆಲ್ಲ ಇಳಿದೆವು, ಸೆಲ್ಲೊ ಇಳಿಯಲಿಲ್ಲ. ಬಸ್ಸಿನ ಟಾಪಿನಲ್ಲೇ ಕೂತು ಕಾರ್ಕಳಕ್ಕೆ ಹೋಯಿತು. ಮಾಷ್ಟ್ರು ಬಿಡುವ ಜನವಲ್ಲ. ಸೆಲ್ಲೊದ ಭಾಗವನ್ನು ತಾನೇ ಬಾಯಲ್ಲಿ ಹಾಡುತ್ತೇನೆಂದು ಹೊಟ್ಟೆ ಹಿಡಿದು ಬಗ್ಗಿ, "ಊಂ... ಊಂ..." ಎಂದು ಶುರುಮಾಡಿದರು.

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಹೋದರು. ಹತ್ತು ನಿಮಿಷದಲ್ಲಿ ಲೋಟ ಹಿಡಿದು ಸೀದಾ ವೇದಿಕೆಗೇ ಬಂದರು.

"ಓಮದ ನೀರು. ಕುಡೀರಿ. ಎಷ್ಟು ಹೊತ್ತಂತ ನರಳ್ತೀರಿ?"

"ಅಮ್ಮಾ, ಇದು ಸಂಗೀತ."

"ಆಗಲಿ, ಅದಕ್ಕೂ ಒಳ್ಳೇದು."

೩. ಮೂಡುಬಿದಿರೆ

ಜಮೀನ್ದಾರರಾದ ಜೈನ ಧನಿಗಳೊಬ್ಬರ ಮನೆಯ ಚಾವಡಿ. ಅವರಿಗೆ ಹೊತ್ತು ಕಂತುವ ಮೊದಲೇ ಊಟ ಆಗಬೇಕು. ಆಗದಿದ್ದರೆ ಮರುದಿನ ಬೆಳಿಗ್ಗೆವರೆಗೆ ಉಪವಾಸ. ಕಾರ್ಕಳದಿಂದ ಮರಳಿದ ಸೆಲ್ಲೊ ಈ ಸಲ ಜೊತೆಗಿತ್ತು, ಆದರೆ ಬಸ್ಸು ತಡವಾಗಿ ನಾವು ಶುರುಮಾಡುವಾಗ ಬಿಸಿಲು ಅಂಗಳದ ತುದಿಗೆ ಹೋಗಿತ್ತು.

ಧನಿಗಳ ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ಊಟಕ್ಕೆ ಕರೆದರು. ಎರಡು ಸಲವೂ ಮಾಷ್ಟ್ರ ಮುಖ ಬಿಳುಚಿತು. ಆದರೆ ಧನಿಗಳು ತಡೆ ಎಂದು ಕೈ ತೋರಿಸಿ ಕೂತೇ ಇದ್ದರು. ಹೊತ್ತು ಕಂತಿತು, ದೀಪ ಹಚ್ಚಿದರು, ನಾವು ಕೊನೆಯ ಸ್ವರ ಮುಟ್ಟಿದೆವು. ನನಗೇ ಅಳು ಬಂತು, ಇನ್ನು ಮಾಷ್ಟ್ರನ್ನು ಕೇಳುವುದೇ ಬೇಡ.

"ಧನಿಗಳೇ, ನನ್ನ ಸಂಗೀತಕ್ಕಾಗಿ ಊಟವನ್ನೇ ಬಿಟ್ಟಿರಲ್ಲ" ಎಂದು ಕೈಮುಗಿದರು.

ಧನಿಗಳಿಗೆ ಸಂಕೋಚವಾಯಿತು. "ಹಾಗಲ್ಲ ಮಾಷ್ಟ್ರೇ. ಶ್ರುತಿ ಮಾಡಿ ಆಗಲಿ, ಸಂಗೀತ ಶುರುವಾದ ಮೇಲೆ ಸ್ವಲ್ಪ ಕೇಳಿ ಏಳುವ ಅಂತ ಕಾದೆ. ಅದಕ್ಕೆ ಮೊದಲೇ ಎದ್ದು ಹೋಗುವುದು ಮರ್ಯಾದೆ ಅಲ್ಲ ನೋಡಿ."

ನಾವೆಲ್ಲ ನೆಲ ನೋಡಿದೆವು. ಮಾಷ್ಟ್ರು ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದರು. "ಶ್ರುತಿ ಈಗ ಸರಿಯಾಯಿತು. ಇನ್ನು ಬಾರಿಸುವ."

ಅದೇ ಇಪ್ಪತ್ತು ನಿಮಿಷವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಬಾರಿಸಿದೆವು. ಧನಿಗಳು ತಲೆದೂಗಿದ್ದೇ ತಲೆದೂಗಿದ್ದು.

"ಈಗ ನೋಡು," ಎಂದರು ಹೆಂಡತಿಗೆ, "ಶ್ರುತಿ ಸೇರಿದರೆ ಎಷ್ಟು ವ್ಯತ್ಯಾಸ ಉಂಟು."