ಚೀಲದಡಿಯ ಕಳ್ಳಜೇಬು

ದರ್ಜಿಯ ಮಗಳು ಸೈನ್ಯದ ಕಮಾಂಡೊ ತರಬೇತಿಗೆ ಹೋಗುತ್ತೇನೆಂದು ಹಟ ಹಿಡಿದದ್ದು ಬೀದಿಗೆಲ್ಲ ಸಂಭ್ರಮ, ದರ್ಜಿಯೊಬ್ಬನಿಗೆ ಮಾತ್ರ ಸಂಕಟ. ಇರುವವಳು ಒಬ್ಬಳೇ ಮಗಳು. ಅವಳೂ ಹೋದರೆ ಮನೆಯಲ್ಲಿ ಉಳಿಯುವುದು ಅವನು, ಅವನ ಹೆಂಡತಿ ಮತ್ತು ಹೆಂಡತಿಯ ಮಾತು. (ಅವನ ಮಾತು ಆ ಮನೆಯಲ್ಲಿ ಯಾವತ್ತೂ ಲೆಕ್ಕಕ್ಕಿರಲಿಲ್ಲ.)

"ಬೇಡ ಅಂತ ನೀನಾದ್ರೂ ಹೇಳೇ," ಎಂದು ಹೆಂಡತಿಯನ್ನು ಗೋಗರೆದ.

"ನಾನ್ಯಾಕೆ ಹೇಳ್ಲಿ? ಬೆರಳಿಗೆ ಸೂಜಿ ಚುಚ್ಚಿದ್ರೆ ಮನೆಯೆಲ್ಲ ಕುಣಿಯೋ ನಿಮ್ಮ ಹೊಟ್ಟೇಲಿ ಅಂಥವಳು ಹುಟ್ಟಿದ್ದೇ ದೊಡ್ಡದು!"

ಬೆಳಗಾದರೆ ಮಗಳು ಬಾಗಿಲ ಚೌಕಟ್ಟಿಗೆ ಜೋತುಬಿದ್ದು ಮೇಲೇಳುವಳು, ದಂಡ ಹೊಡೆಯುವಳು, ಕೊನೆಗೆ ಮರಳು ತುಂಬಿದ ಚೀಲವನ್ನು ಬೆನ್ನಿಗೇರಿಸಿ ಗುಡ್ಡ ಹತ್ತಿ ಬರುವಳು. ಆ ಚೀಲ ಕಂಡು ದರ್ಜಿಯ ತಲೆಯಲ್ಲಿ ಮಹಾಯುಕ್ತಿಯೊಂದು ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳೇ ಸೋತು ಕೈಬಿಡಬೇಕು! ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಚೀಲದ ತಳಕ್ಕೊಂದು ಕಳ್ಳಜೇಬು ಹೊಲಿದು, ಅದರೊಳಗೆ ಹಳೇ ಮಿಷನ್ನಿನ ಕಬ್ಬಿಣದ ಚಕ್ರವನ್ನು ಮಲಗಿಸಿದ. (ಹೊಲಿಗೆ ಮಾತ್ರ ಅಚ್ಚುಕಟ್ಟು. ಮೋಸವೇ ಆದರೂ ಕಸುಬಿಗೆ ಕಳಂಕ ಬರಬಾರದಲ್ಲ!)

ಮರುದಿನ ಮಗಳು ಏದುಸಿರು ಬಿಡುತ್ತ ಬಂದಳು. ದರ್ಜಿ ನೀರು ಹಿಡಿದು ಓಡಿದ.

"ಸುಸ್ತಾಯ್ತೇನಮ್ಮ? ಬಿಟ್ಟುಬಿಡ್ತೀಯಾ?"

"ಇಲ್ಲಪ್ಪ. ನಾಳೆ ಇನ್ನೊಂದು ಸುತ್ತು ಜಾಸ್ತಿ ಹೋಗ್ತೀನಿ."

ಚಕ್ರದ ಹಿಂದೆ ಮೊಂಡು ಕತ್ತರಿಗಳು ಹೋದವು, ಇಸ್ತ್ರಿಪೆಟ್ಟಿಗೆಯ ತಳ ಹೋಯಿತು. ಅಂಗಡಿ ಬರಿದಾಗುತ್ತ ಬಂತು, ಮಗಳ ಹೆಗಲು ಅಗಲವಾಗುತ್ತ ಬಂತು. ಅವಳ ಅಂಗಿಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುವ ಕೆಲಸವೂ ಅವನ ಕೊರಳಿಗೇ ಬಿತ್ತು.

ಆಯ್ಕೆಯ ದಿನ ಸೈನ್ಯದವರು ತಮ್ಮದೇ ಚೀಲ ಹೊರಿಸಿದರು. ಸಂಜೆ ಮಗಳು ಕುಣಿಯುತ್ತ ಮನೆಗೆ ಬಂದಳು.

"ಅಪ್ಪಾ, ಆಯ್ಕೆಯಾದೆ! ನಡಿಗೇಲಿ ನಾನೇ ಮೊದಲು. ಅವರ ಚೀಲ ನಂಗೆ ಹತ್ತಿಯಷ್ಟು ಹಗುರ! 'ನಿನ್ನ ಗುರು ಯಾರಮ್ಮ?' ಅಂದ್ರು. 'ನಮ್ಮಪ್ಪ' ಅಂದೆ."

"ನಾನಾ?"

"ಇನ್ಯಾರು? ಆ ಜೇಬು ಮೊದಲ ದಿನವೇ ಕೈಗೆ ಸಿಕ್ತು. ನಿಮ್ಮ ಹೊಲಿಗೆ ನಂಗೆ ಗೊತ್ತಾಗಲ್ವಾ? ಬಾಯಲ್ಲಿ ಬೇಡ ಅಂದ್ರೂ ಒಳಗೊಳಗೇ ನನ್ನ ತಯಾರು ಮಾಡ್ತಿದ್ದಾರಲ್ಲ ಅಂತ ಕಣ್ಣಲ್ಲಿ ನೀರೇ ಬಂತು."

ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ನಗುವಿನಿಂದ ಕುಲುಕುತ್ತಿತ್ತು.

ದರ್ಜಿ ನಿಜ ಹೇಳಲು ಬಾಯಿ ತೆರೆದ. ಮಗಳ ಮುಖ ನೋಡಿ ಮುಚ್ಚಿದ. "ಹೂಂ... ಮತ್ತೆ? ಹೆತ್ತಮೇಲೆ ಅಷ್ಟೂ ಮಾಡ್ಬಾರ್ದಾ?"

"ಹಾಗಾದ್ರೆ ಇನ್ನೊಂದು ಉಪಕಾರ ಮಾಡ್ಬೇಕು. ತರಬೇತೀಲಿ ಗಾಯಗೊಂಡವರನ್ನ ಹೊತ್ಕೊಂಡು ಓಡ್ಬೇಕಂತೆ."

ಮಾರನೆಯ ಬೆಳಗ್ಗೆ ಬೀದಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಮಗಳ ಹೆಗಲ ಮೇಲೆ ಮೂಟೆಯಂತೆ ಬಿದ್ದು, ತಲೆ ಕೆಳಗಾಗಿ ಜೋತಾಡುತ್ತ ದರ್ಜಿ ಮಹಾಶಯರ ಸವಾರಿ ಹೊರಟಿತ್ತು. ಅಂಚೆಯಣ್ಣ ಸೈಕಲ್ಲಿನಲ್ಲಿ ಬೆನ್ನಟ್ಟಿ ಬಂದ.

"ಮಾಸ್ಟ್ರೇ, ನನ್ನ ಪ್ಯಾಂಟು ಇವತ್ತಾದ್ರೂ ಸಿಗುತ್ತಾ?"

"ಮಾತಾಡಿಸ್ಬೇಡಿ ಅಣ್ಣ," ಎಂದಳು ಮಗಳು ಓಡುತ್ತಲೇ. "ಅವರಿಗೀಗ ಪ್ರಜ್ಞೆ ಇಲ್ಲ!"

"ಈಗ ಅಂತೇನು ಬಂತು?" ಹಿಂದಿನಿಂದ ಹೆಂಡತಿಯ ದನಿ ಬೀದಿಯುದ್ದಕ್ಕೂ ಕೇಳಿಸಿತು. "ನಾನು ಕಟ್ಕೊಂಡ ದಿನವೂ ಇರ್ಲಿಲ್ಲ!"