ನಿರ್ದೇಶಕರ ಮೇಜಿನ ಮೇಲಿನ ಅಯಸ್ಕಾಂತ

ಬಂದ ಅತಿಥಿಗಳ ಕಣ್ಣಿಗೆ ಬೀಳಲೆಂದು ನಿರ್ದೇಶಕರು ಪ್ರಯೋಗಾಲಯದ ಪುಟ್ಟ ಅಯಸ್ಕಾಂತ ಯಂತ್ರವನ್ನು ತಮ್ಮ ಕೋಣೆಯ ಮೇಜಿಗೆ ಎತ್ತಿಸಿಕೊಂಡರು. ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅವಸರಣ್ಣನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದ.

ದ್ರಾವಣದೊಳಗಿನ ಕಾರ್ಬನ್ನಿನಿಂದ ಆ ಪುಟ್ಟ ಯಂತ್ರಕ್ಕೆ ಸಿಗುವ ಸಿಗ್ನಲ್ಲು ಮೊದಲೇ ಸೊಳ್ಳೆಯ ಪಿಸುಮಾತು. ಕಟ್ಟಡದ ಇನ್ನೊಂದು ತುದಿಯಲ್ಲಿ ಕೋಣೆ ತುಂಬ ಕೂತಿದ್ದ ದೊಡ್ಡ ಯಂತ್ರ ಅದನ್ನು ಸಾವಿರಾರು ಪಟ್ಟು ಹಿಗ್ಗಿಸುತ್ತಿತ್ತು. ಆ ಹಿಗ್ಗು ಒಂದು ನಿಮಿಷ ಬಾಳಿದರೆ ಹೆಚ್ಚು. ಅಷ್ಟರೊಳಗೆ ದ್ರಾವಣದ ನಳಿಕೆ ಹಿಡಿದು ಓಡಿ, ಪುಟ್ಟ ಯಂತ್ರಕ್ಕೆ ಇಳಿಸಿ, ಅಳೆಯಬೇಕು. ಅವನಿಗೆ ಆ ಹೆಸರು ಬಂದದ್ದೇ ಈ ಓಟದಿಂದ. ಇವತ್ತು ಮಂಡಳಿಯ ಅಧ್ಯಕ್ಷೆಗೆ ಪರದೆಯ ಮೇಲೆ ಆ ಸಿಗ್ನಲ್ಲಿನ ಗೆರೆ ಎಬ್ಬಿಸಿ ತೋರಿಸಿದರೆ ನೌಕರಿ ಮುಂದುವರಿಯುತ್ತದೆ; ಇಲ್ಲದಿದ್ದರೆ ಮನೆ.

ಮೊದಲ ಓಟಕ್ಕೆ ಆಡಳಿತ ವಿಭಾಗದ ಅಕ್ಕ ಅಡ್ಡ ನಿಂತರು. "ಕಾರಿಡಾರಲ್ಲಿ ಓಡಬಾರ್ದು ಅಂತ ಬೋರ್ಡ್ ಹಾಕ್ಸಿದೀನಿ, ಕಾಣ್ಸಲ್ವಾ?"

"ಬಿಡಿ ಅಕ್ಕ, ಸಾಯ್ತಾ ಇದೆ."

"ಅಯ್ಯೋ, ಯಾರು ಸಾಯ್ತಿರೋದು?" ಎಂದು ಅವರು ತೋಳು ಹಿಡಿದುಕೊಂಡು ವಿವರ ಕೇಳಿದರು. ವಿವರ ಮುಗಿಯುವಷ್ಟರಲ್ಲಿ ಸಿಗ್ನಲ್ಲು ಸತ್ತಿತ್ತು.

ಹೊಸ ದ್ರಾವಣ ಸಿದ್ಧವಾಗುವಷ್ಟರಲ್ಲಿ ಅಧ್ಯಕ್ಷೆ ಊಟ ಮುಗಿಸಿದ್ದರು. ಈ ಸಲ ಬಾಗಿಲವರೆಗೆ ತಲುಪಿದ. ನಿರ್ದೇಶಕರು ಕೈಯೆತ್ತಿ ತಡೆದರು. "ಒಂದೆರಡು ಮಾತು ಹೇಳ್ಬಿಡ್ತೀನಿ, ಆಮೇಲೆ ಹಾಕು."

ಈ ಯಂತ್ರ ಏನು ಮಾಡುತ್ತದೆಂದು ಕಳೆದ ವಾರವಷ್ಟೇ ಕೇಳಿ ತಿಳಿದಿದ್ದ ಆ ಮಹಾನುಭಾವರು ವಿಶ್ವದ ಉಗಮದಿಂದ ಶುರು ಮಾಡಿದರು. ಅವರು ಭೂಮಿಗೆ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪರದೆಯ ಗೆರೆ ಅವರ ತಲೆಯಷ್ಟೇ ನುಣ್ಣಗೆ ಮಲಗಿತ್ತು.

"ಇವನ ಕೆಲ್ಸಾನೇ ಹೀಗೆ ಮೇಡಂ," ಎಂದು ನಕ್ಕರು.

ಸಂಜೆ, ಮೂರನೆಯ ಓಟದಲ್ಲಿ ಅವಸರಣ್ಣ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕನಿಂದ ತಪ್ಪಿಸಿಕೊಂಡು, ನಿರ್ದೇಶಕರ ಕಂಕುಳಡಿ ನುಸುಳಿ, ನಳಿಕೆ ಇಳಿಸಿ ಗುಂಡಿ ಒತ್ತಿದ. ಗೆರೆ ಚಂಗನೆ ಎದ್ದು ಪರದೆಯ ನೆತ್ತಿಗೆ ಬಡಿಯಿತು. ಅವನ ಕಣ್ಣಲ್ಲಿ ನೀರು ಬಂತು.

ಅಧ್ಯಕ್ಷೆ ಪುಟ್ಟ ಯಂತ್ರದ ಬೆನ್ನು ಸವರಿದರು. "ಇಷ್ಟು ಚಿಕ್ಕ ಡಬ್ಬಿ ಇಷ್ಟೆತ್ತರದ ಗೆರೆ ತೋರ್ಸುತ್ತೆ ಅಂದ್ಮೇಲೆ, ಆ ತುದೀಲಿ ಕೋಣೆ ತುಂಬ ಕೂತಿದ್ಯಲ್ಲ, ಅದ್ಯಾಕೆ?"

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಮೇಡಂ," ಎಂದರು ನಿರ್ದೇಶಕರು.

"ಅದಿಲ್ದೆ ಇದು..." ಎಂದು ಅವಸರಣ್ಣ ಬಾಯಿ ತೆರೆದ.

"ನಿನ್ನ ನೌಕರಿ ಉಳೀತಪ್ಪ, ಸುಮ್ನಿರು," ಎಂದು ನಿರ್ದೇಶಕರು ಬೆನ್ನು ತಟ್ಟಿದರು.

ಮರುದಿನವೇ ದೊಡ್ಡ ಯಂತ್ರವನ್ನು ಬಿಚ್ಚಿ ಲಾರಿಗೆ ಹಾಕಿದರು. ಅವಸರಣ್ಣನಿಗೂ ಆಜ್ಞೆಯಾಯಿತು: ಪ್ರತಿ ತಿಂಗಳು ಬರುವ ಅತಿಥಿಗಳಿಗೆ ಇದೇ ಗೆರೆಯನ್ನು, ಇದಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯಾಗದಂತೆ, ಪುಟ್ಟ ಡಬ್ಬಿಯೊಂದರಿಂದಲೇ ಎಬ್ಬಿಸಿ ತೋರಿಸತಕ್ಕದ್ದು.